ಹಟ್ಟಿಯ ದೋಸ್ತನಿಗೊಂದು ಪತ್ರ

ಲೇ ದೋಸ್ತ,

ವಾಟ್ಸಾಪ್‌ನ್ಯಾಗ ಕಳಿಸಬಹುದಿತ್ತು, ಖರೆ. ಆದ್ರ ನೀನು ನೀಲಿ ಗೆರಿ ತೋರಿಸಿ ಸುಮ್ಮನಿರೋ ಮನುಷ್ಯ. ಇಲ್ಲಿ ಹಾಕಿದ್ರ ನಾಲ್ಕು ಮಂದಿ ಮುಂದ ಉತ್ತರ ಕೊಡಲೇಬೇಕಾಗ್ತದ. ಹೆದರಬ್ಯಾಡ, ಮೇಕೆ ವಿಷಯ ಎತ್ತೋದಿಲ್ಲ.

ರಾಯಚೂರಿನ ಬಿಸಿಲು ಹಂಗೇ ಅದ. ಅಪ್ಪನೂ ಹಂಗೇ ಅದಾನ. ಲಕ್ವಾ ಹೊಡೆದು ಏಳು ತಿಂಗಳಾತು. ಬಲಗೈ, ಬಲಗಾಲು, ಮಾತು, ಮೂರೂ ತಿರುಗಿ ಬಂದಿಲ್ಲ.

ಹೋದ ಆಯಿತವಾರ ಪಾಸ್ಟರ್ ಬೈಬಲ್‌ನ್ಯಾಗಿನ ಯಾಕೋಬನ ಪತ್ರಿಕೆ ತಗೊಂಡಿದ್ರು, ಮೊದಲನೇ ಅಧ್ಯಾಯ. ಕಷ್ಟ ಬಂದ್ರ ಆನಂದಪಡು, ಪರೀಕ್ಷೆಯಿಂದ ತಾಳ್ಮೆ ಬರ್ತದ, ತಾಳ್ಮೆ ಪೂರಾ ಆದ್ರ ಮನುಷ್ಯನಿಗೆ ಯಾವ ಕೊರತೆನೂ ಇರೋದಿಲ್ಲ. ಆಮ್ಯಾಲ ಪೇತ್ರನ ಪತ್ರಿಕೆಯಾಗಿನ ಬಂಗಾರ ಬಂತು. ಬಂಗಾರ ಬಂದ ಮ್ಯಾಲ ನಿಮ್ಮ ಹಟ್ಟಿ ಬಂಗಾರದ ಗಣಿ ಬರಲೇಬೇಕಲ್ಲ? ನಮ್ಮ ಜಿಲ್ಲಾದಾಗ ಹಟ್ಟಿ ಇಲ್ಲದ ಪ್ರಸಂಗನೇ ಇಲ್ಲ. ಬೆಂಕಿಗೆ ಹಾಕಿದ್ರ ಅಪರಂಜಿ ಅಂದ್ರು. ನನಗ ನಿನ್ನ ಸಿಟ್ಟು ನೆನಪಾತು: 'ಬೆಂಕಿ ಕಡೀಕ ಬರ್ತದಲೇ! ಮೊದಲು ಕಲ್ಲು ಒಡೀಬೇಕು, ಹಿಟ್ಟಾಗೋ ಹಂಗ ಅರೀಬೇಕು, ಸಯನೈಡ್‌ನ್ಯಾಗ ಹಾಕಬೇಕು. ಟನ್ನಿಗೆ ಸಿಗೋದು ಬೆರಳೆಣಿಕೆ ಗ್ರಾಂ, ಉಳಿದದ್ದೆಲ್ಲ ಟೈಲಿಂಗ್, ಗಣಿ ಕಸ. ಅದನ್ನ ಯಾವ ಪಾಸ್ಟರ್ ಹೇಳ್ತಾನ?'

ಆಮ್ಯಾಲ ಸಾಕ್ಷಿ, ಅಂದ್ರ ದೇವರು ತನಗ ಮಾಡಿದ್ದನ್ನ ಎಲ್ಲರ ಮುಂದ ಹೇಳೋದು. 'ಬರ್ರಿ ಬ್ರದರ್' ಅಂತ ನನ್ನ ಕರೆದ್ರು. ಕೈಗೆ ಮೈಕ್ ಬಂದ್ರ ನನಗ ಏನಾಗ್ತದ ನಿನಗ ಗೊತ್ತು. 'ಅಪ್ಪನ ಸೇವಾ ಅಂದ್ರ ಕರ್ತನು ನನ್ನ ಹಾಕಿದ ಸಾಲಿ, ನನ್ನ ಸಿಟ್ಟೆಲ್ಲ ಅಲ್ಲೇ ಸುಟ್ಟುಹೋತು' ಅಂದೆ. ಆಮೆನ್ ಜೋರಾಗೇ ಬಿತ್ತು. ಇಬ್ಬರು ಕಣ್ಣೂ ಒರೆಸಿಕೊಂಡ್ರು.

ಮನಿಗೆ ಬಂದ್ರ ಅಪ್ಪನ ದಿಂಬಿಗೆ ಆನಿಸಿ ಫೋನು ನಿಂತದ. ಆರಾಧನೆ ಲೈವ್ ಹೋಗ್ತದ ಅನ್ನೋದೇ ಮರೆತಿದ್ದೆ, ನನ್ನಾಕಿ ಹಚ್ಚಿಕೊಟ್ಟಿದ್ಲು. ಅಪ್ಪ ಪೂರಾ ಕೇಳ್ಯಾನ. ನನ್ನ ನೋಡಿ ಎಡಗಡೆ ಅರ್ಧ ಬಾಯಿಲೆ ನಕ್ಕ. ಬಲಗಡೆ ಅರ್ಧ ಏನಂತಿತ್ತೋ.

ಯಾಕಂದ್ರ ಹಿಂದಿನ ರಾತ್ರಿ ಎರಡಕ್ಕ, ಮೂರನೇ ಸಲ ಚಾದರ ಬದಲಿಸೋವಾಗ, ಅವನು ಎಡಗೈಲೆ ಮಂಚದ ಸರಳು ಬಿಗಿಯಾಗಿ ಹಿಡಿದಿದ್ದ. ಬೀಳ್ತೀನಿ ಅನ್ನೋ ಹೆದರಿಕಿ ಅವನಿಗೆ. ಬಿಡು ಅಂದೆ. ಬಿಡಲಿಲ್ಲ. ಆ ಕೈ ಮ್ಯಾಲ ಹೊಡೆದೆ. ಜೋರಾಗೇ. ಬಿಟ್ಟ.

ಹೊರಗ ಕಟ್ಟಿ ಮ್ಯಾಲ ಕುಂತು ಪ್ರಾರ್ಥನಾ ಮಾಡಿದೆ. ಕರ್ತನೇ ಕರಕೋ, ಬಿಡುಗಡೆ ಆಗಲಿ ಅಂದೆ. ಬಿಡುಗಡೆ ಯಾರಿಗೆ ಬೇಕಿತ್ತು ಅನ್ನೋದು ಕರ್ತನಿಗೂ ಗೊತ್ತು, ಈಗ ನಿನಗೂ.

ನಮ್ಮ ಮೆಥೋಡಿಸ್ಟ್ ಪಂಥದಾಗ ಪಾಸ್ಟರ್ ಆಗೋರಿಗೆ, ಪಂಥ ಹುಟ್ಟಿಸಿದ ವೆಸ್ಲಿ ಕಾಲದಿಂದ ಬಂದ ಒಂದು ಪ್ರಶ್ನೆ ಅದ: ಈ ಬದುಕಿನಾಗೇ ಪ್ರೀತಿಯೊಳಗ ಪರಿಪೂರ್ಣ ಆಗ್ತೀನಿ ಅನ್ನೋ ನಿರೀಕ್ಷೆ ಅದಯೇನು? ಹೌದು ಅನ್ನಬೇಕು. ಪುಣ್ಯಕ್ಕ ನಾನು ಪಾಸ್ಟರ್ ಆಗಲಿಲ್ಲ. ಇದನ್ನೇ ಸಾರಿಕೋತ ತಿರುಗಿದ ಜಾನ್ ವೆಸ್ಲಿ 1767ರಾಗ ಒಂದು ಸುದ್ದಿಪತ್ರಿಕೆಗೆ ಕಾಗದ ಬರೆದು, ನಾನಿನ್ನೂ ಅಲ್ಲಿ ಮುಟ್ಟಿಲ್ಲ ಅಂತ ಒಪ್ಪಿಕೊಂಡ. ಆಗ ಅವನಿಗೆ 63. ನೋಡು, ಅವನೂ ಊರಿಗೆಲ್ಲ ಕಾಣೋ ಹಂಗೇ ಬರೆದಿದ್ದ! ಆದ್ರ ಅವನು ಅಪ್ಪನ ಕೈಗೆ ಹೊಡೆದಿದ್ದು ಎಲ್ಲೂ ಓದಿಲ್ಲ ನಾನು.

ಸಾಕು. ಬಿಸಿಲು ತಲಿಗೇರ್ಯಾದ ಅಂತ ತಿಳ್ಕೋ. ಕರೆಂಟ್ ಹೋಗಿ ಕೂಲರ್ ನಿಂತದ, ಒಳಗಿದ್ದ ಎರಡು ಗ್ರಾಂ ಪವಿತ್ರತೆನೂ ಬೆವರಾಗಿ ಹರಿಯಾಕತ್ತದ. ಅಪ್ಪ ಎಡಗೈಲೆ ಮಂಚ ಬಡೀಲಿಕ್ಕತ್ಯಾನ, ಗಂಜಿ ಹೊತ್ತಾತು.

ರಜಾ ಸಿಕ್ಕಾಗ ಬಾ, ಮಿರ್ಚಿ ನಂದು. ಮತ್ತ ಕೆಳಗ ಕೈಮುಗಿಯೋ ಎಮೋಜಿ ಒತ್ತಿ ಪಾರಾಗಬ್ಯಾಡ. ಒತ್ತಿದ್ರ ಮೇಕೆ ಕಥಿ ಹಾಕ್ತೀನಿ, ಫೋಟೋ ಸಮೇತ.

ನಿನ್ನ,
ಸಾಕ್ಷಿ ಬ್ರದರ್