ಶಹಾಬಾದ್ ಫರಸಿಗೆ ಆ್ಯಸಿಡ್ ಬೇಡ

ಮಾನ್ಯ ಸಂಪಾದಕರೇ,

ಬ್ರಹ್ಮಪುರದ ನಮ್ಮ ಮನೆಯ ಪಡಸಾಲೆಗೆ ಮಾವನವರ ಕಾಲದಲ್ಲಿ ಹಾಸಿದ ಶಹಾಬಾದ್ ಫರಸಿ ಇದೆ. ಮೂರು ತಲೆಮಾರಿನವರ ಓಡಾಟದಿಂದ ನುಣುಪಾಗಿ ಹೊಳೆಯುತ್ತಿದ್ದ ಆ ನೆಲ, ಅಡುಗೆಮನೆಗೂ ಬಚ್ಚಲಿಗೂ ಹೊಸ ಟೈಲ್ಸ್ ಹಾಕಿಸಿದ ಮೇಲೆ ಒಂದೇ ಮಧ್ಯಾಹ್ನದಲ್ಲಿ ಬಿಳಿಚಿಕೊಂಡು ಒರಟಾಯಿತು. ಗೌಂಡಿಗಳ ಕೆಲಸ ಮುಗಿದ ಮರುದಿನ ಗುತ್ತಿಗೆದಾರರು ಇಬ್ಬರು ಹೆಣ್ಣುಮಕ್ಕಳನ್ನು ಕಳುಹಿಸಿ, ಸಿಮೆಂಟಿನ ಕಲೆ ತೆಗೆಯಲೆಂದು ಅವರ ಕೈಗೆ ಆ್ಯಸಿಡ್ ಬಾಟಲಿಗಳನ್ನು ಕೊಟ್ಟಿದ್ದರು. ಅವರು ಅದನ್ನು ಟೈಲ್ಸ್ ಮೇಲಷ್ಟೇ ಅಲ್ಲದೆ ಪಡಸಾಲೆಗೂ ಸುರಿದರು. ಬುರಬುರನೆ ನೊರೆ ಎದ್ದಾಗ ಕೊಳೆ ಬಿಡುತ್ತಿದೆ ಎಂದೇ ನಾನೂ ತಿಳಿದು ಸುಮ್ಮನಿದ್ದೆ.

ಆ ನೊರೆ ಕೊಳೆಯದಲ್ಲ, ಕಲ್ಲಿನದು. ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿಯದು. ಅದರ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಬಚ್ಚಲು ತೊಳೆಯಲೆಂದು ಅಂಗಡಿಗಳಲ್ಲಿ ಮಾರುವ ಆ್ಯಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಇವೆರಡೂ ಸೇರಿದೊಡನೆ ಕಲ್ಲಿನ ಮೇಲ್ಪದರ ಕರಗಿ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಹೊರಬೀಳುತ್ತದೆ. ನಮ್ಮ ಜಿಲ್ಲೆಯ ವಾಡಿ, ಸೇಡಂ ಭಾಗದ ಕಾರ್ಖಾನೆಗಳು ಸುಣ್ಣಕಲ್ಲನ್ನೇ ಸುಟ್ಟು ಸಿಮೆಂಟ್ ತಯಾರಿಸುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವಾಗ, ಸಿಮೆಂಟನ್ನು ತಿನ್ನುವ ಆಮ್ಲ ಕಲ್ಲನ್ನು ಉಳಿಸೀತು ಎಂದು ನಾವು ನಂಬಿದ್ದಾದರೂ ಹೇಗೆ? ಹೀಗೆ ಒರಟಾದ ಕಲ್ಲು ಎಣ್ಣೆ, ಅರಿಶಿನ, ಚಹಾದ ಕಲೆಯನ್ನು ಮೊದಲಿಗಿಂತ ಬೇಗ ಹೀರಿಕೊಳ್ಳುತ್ತದೆ. ಮತ್ತೆ ಯಂತ್ರದಿಂದ ಪಾಲಿಶ್ ಮಾಡಿಸುವುದೊಂದೇ ಅದಕ್ಕೆ ದಾರಿ.

ನೆಲದ ಹಾನಿಯನ್ನಾದರೂ ಸರಿಪಡಿಸಬಹುದು. ಕಿಟಕಿ ಮುಚ್ಚಿದ್ದ ಬಚ್ಚಲಲ್ಲಿ ಕೈಗವಸಿಲ್ಲದೆ, ಸೆರಗನ್ನೇ ಮೂಗಿಗೆ ಕಟ್ಟಿಕೊಂಡು ಆ್ಯಸಿಡ್ ಸುರಿದು ಉಜ್ಜುತ್ತಿದ್ದ ಆ ಇಬ್ಬರಲ್ಲೊಬ್ಬ ತಾಯಿ ಕೆಮ್ಮುತ್ತ ಹೊರಬಂದು ಅಂಗಳದಲ್ಲಿ ಕುಳಿತದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಅದೇ ನೆಲಕ್ಕೆ ಬ್ಲೀಚಿಂಗ್ ಪುಡಿಯನ್ನೂ ಹಾಕಿದ್ದರೆ, ಆಮ್ಲದ ಜೊತೆ ಕೂಡಿ ವಿಷಕಾರಿ ಕ್ಲೋರಿನ್ ಅನಿಲ ಎದ್ದು ಜೀವಕ್ಕೇ ಎರವಾಗುತ್ತಿತ್ತು. ಆ್ಯಸಿಡ್ ದಾಳಿಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿಯೇ ಚಿಲ್ಲರೆ ಮಾರಾಟಕ್ಕೆ ನಿರ್ಬಂಧ ಹೇರಿ, ಕೊಳ್ಳುವವರ ಗುರುತಿನ ಚೀಟಿ ಹಾಗೂ ಕಾರಣವನ್ನು ದಾಖಲಿಸಿಕೊಳ್ಳಬೇಕು, 18 ವರ್ಷದೊಳಗಿನವರಿಗೆ ಮಾರಕೂಡದು ಎಂದು ಆದೇಶಿಸಿದೆ. ಆದರೂ ನಮ್ಮ ಓಣಿಯ ಅಂಗಡಿಯಲ್ಲಿ ಅದು ಸಾಬೂನಿನಷ್ಟೇ ಸುಲಭವಾಗಿ ಸಿಗುತ್ತದೆ.

ಆ್ಯಸಿಡ್ ಇಲ್ಲದೆಯೂ ಮನೆ ಸ್ವಚ್ಛವಾಗುತ್ತದೆ. ಸ್ವಲ್ಪ ಹೆಚ್ಚು ಹೊತ್ತು ಬೇಕು, ಅಷ್ಟೇ. ಕೆಲಸ ಶುರುವಾಗುವ ಮುನ್ನವೇ ಹಳೆಯ ಫರಸಿಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗೋಣಿಚೀಲ ಹಾಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಚೆಲ್ಲಿದ ಸಿಮೆಂಟನ್ನು ಹಸಿಯಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಬೇಕು. ಗಟ್ಟಿಯಾಗಿದ್ದರೆ ನೀರಿನಲ್ಲಿ ನೆನೆಸಿ, ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಕೆರೆದು, ನೈಲಾನ್ ಬ್ರಷ್ಷಿನಿಂದ ಉಜ್ಜಬೇಕು. ದೂಳನ್ನು ಒಣ ಕಸಬರಿಗೆಯಿಂದ ಗುಡಿಸಿದರೆ ಅದು ಮನೆತುಂಬ ಎದ್ದು, ಟೈಲ್ಸ್ ಹಾಗೂ ಗ್ರಾನೈಟ್ ಕತ್ತರಿಸಿದಾಗ ಏಳುವ ಸಿಲಿಕಾ ಕಣಗಳೂ ಅದರೊಂದಿಗೆ ಶ್ವಾಸಕೋಶ ಸೇರುತ್ತವೆ. ತೇವ ಮಾಡಿದ ಕಟ್ಟಿಗೆಯ ಹೊಟ್ಟನ್ನು ಚೆಲ್ಲಿ ಗುಡಿಸಿದರೆ ದೂಳು ಅದಕ್ಕೆ ಅಂಟಿ ಬರುತ್ತದೆ. ಫ್ಯಾನು, ಅಟ್ಟ, ಗೋಡೆಯ ಮಾಡುಗಳಿಂದ ಆರಂಭಿಸಿ ಕೊನೆಗೆ ನೆಲಕ್ಕೆ ಬರಬೇಕು. ರಾತ್ರಿ ಕೆಳಗಿಳಿದ ದೂಳನ್ನು ಮರುದಿನ ಇನ್ನೊಮ್ಮೆ ಒರೆಸಬೇಕು. ಸಿಮೆಂಟ್ ಬೆರೆತ ನೀರನ್ನು ಬಚ್ಚಲಿನ ಕೊಳವೆಗೆ ಮಾತ್ರ ಬಿಡಬಾರದು, ಒಳಗೇ ಗಟ್ಟಿಯಾಗಿ ಕೂರುತ್ತದೆ. ಹಾಗೆಂದು ಅದನ್ನು ಗಟಾರಕ್ಕೆ ಚೆಲ್ಲುವುದೂ ತಪ್ಪು. ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು, ತಳದ ಗಸಿಯನ್ನು ಉಳಿದ ಅವಶೇಷದೊಂದಿಗೆ ಸಾಗಿಸಬೇಕು.

ಇದಕ್ಕೆಲ್ಲ ಇಬ್ಬರಿಗೆ ಎರಡು ದಿನದ ಕೂಲಿ ಬೇಕಾಗುತ್ತದೆ. ಸ್ವಚ್ಛತೆಯ ಖರ್ಚನ್ನು ಒಪ್ಪಂದದಲ್ಲಿ ಬರೆಯದೆ, ಕೊನೆಯ ದಿನ ಅರ್ಧ ಹಾಜರಿಯಲ್ಲಿ ಮುಗಿಸಲು ಹೋಗುವುದರಿಂದಲೇ ಆ್ಯಸಿಡ್ ಬಾಟಲಿ ಬರುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಮನೆ ಮಾಲೀಕರು ಎರಡು ದಿನದ ಕೂಲಿ, ರಬ್ಬರ್ ಕೈಗವಸು, ಮುಖಗವಸುಗಳ ಖರ್ಚನ್ನು ಮೊದಲೇ ಒಪ್ಪಂದದಲ್ಲಿ ಸೇರಿಸಬೇಕು. ನಾನು ಹಾಗೆ ಬರೆಸಿರಲಿಲ್ಲ. ಆ್ಯಸಿಡ್ ಮಾರುವ ಅಂಗಡಿಗಳ ದಾಖಲೆ ಪುಸ್ತಕಗಳನ್ನು ತಪಾಸಣೆ ಮಾಡಬೇಕೆಂದು ಜಿಲ್ಲಾಡಳಿತವನ್ನೂ, ಮನೆ ದುರಸ್ತಿಯ ಅವಶೇಷವನ್ನು ಎಲ್ಲಿಗೆ ಒಯ್ಯಬೇಕು, ಯಾರಿಗೆ ಕರೆ ಮಾಡಬೇಕು ಎಂಬುದನ್ನು ಪ್ರತಿ ವಾರ್ಡಿನಲ್ಲಿ ಫಲಕ ಹಾಕಿ ತಿಳಿಸಬೇಕೆಂದು ಮಹಾನಗರ ಪಾಲಿಕೆಯನ್ನೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಬ್ರಹ್ಮಪುರ, ಕಲಬುರಗಿ