ಕೋಳಿ ಕೂಗಿದ ಸಾಲು

ಪ್ರಿಯ ಗೆಳೆಯನಿಗೆ,

ಕ್ಯಾತ್ಸಂದ್ರದಲ್ಲಿ ನೀನು ಬಾಕಿ ಉಳಿಸಿಹೋದ ಮೂರನೆಯ ತಟ್ಟೆ ಇಡ್ಲಿಯ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ. ನಾಲ್ಕು ಜನ ಓದುವ ಪತ್ರವಿದು, ನಿನ್ನ ಮರ್ಯಾದೆಯನ್ನೂ ನೋಡಬೇಕಲ್ಲ.

ನೀನು ಸದಾ ಕೊಂಡಾಡುವ ಕೊಲಂಬಿಯಾದ ಲೇಖಕ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್, ಕಾದಂಬರಿಗಳಿಂದ ಜಗತ್ತಿಗೆಲ್ಲ ಹೆಸರಾಗುವ ಮೊದಲು ಬೊಗೊಟಾದ ‘ಎಲ್ ಎಸ್ಪೆಕ್ತದೋರ್’ ದಿನಪತ್ರಿಕೆಯ ವರದಿಗಾರನಾಗಿದ್ದ. 1955ರಲ್ಲಿ ಕೊಲಂಬಿಯಾ ನೌಕಾಪಡೆಯ ಹಡಗಿನಿಂದ ಎಂಟು ಮಂದಿ ಸಮುದ್ರಕ್ಕೆ ಬಿದ್ದರು. ವೆಲಾಸ್ಕೊ ಎಂಬ ನಾವಿಕನೊಬ್ಬ ಮಾತ್ರ ಹತ್ತು ದಿನ ತೆಪ್ಪದಲ್ಲಿ ತೇಲಿ ಬದುಕಿ ಬಂದ. ಮಾರ್ಕೆಸ್ ಅವನನ್ನು ದಿನಕ್ಕೆ ಆರು ಗಂಟೆಯಂತೆ 20 ಬಾರಿ ಕೂರಿಸಿಕೊಂಡು ಕೇಳಿ, 14 ಕಂತುಗಳಲ್ಲಿ ಬರೆದ. ಸರ್ಕಾರ ಹೇಳಿದ್ದ ಬಿರುಗಾಳಿ ಬೀಸಿರಲೇ ಇಲ್ಲ, ಡೆಕ್ಕಿನ ಮೇಲೆ ಅಕ್ರಮವಾಗಿ ಹೇರಿದ್ದ ಫ್ರಿಜ್ಜು, ಟೀವಿಗಳ ಭಾರವೇ ಮುಳುವಾಯಿತು ಎಂಬುದು ಹೊರಬಿದ್ದು ಸರ್ವಾಧಿಕಾರಿ ಸರ್ಕಾರ ಕೆರಳಿತು. ಇದೆಲ್ಲ ನಿನಗೆ ಗೊತ್ತಿರುವುದೇ. ನನ್ನನ್ನು ಕಾಡುತ್ತಿರುವುದು ಬೇರೆ: ಆ ಕಂತುಗಳು ‘ನಾನು’ ಎಂದು ನಾವಿಕನ ಬಾಯಲ್ಲೇ, ಅವನ ಹೆಸರಿನಲ್ಲೇ ಅಚ್ಚಾದವು. ಮಾರ್ಕೆಸ್ ಹೆಸರು ಅದಕ್ಕೆ ಸೇರಿದ್ದು 1970ರಲ್ಲಿ, ಪುಸ್ತಕವಾದಾಗ.

ಪಾವಗಡದ ಕಡೆ ಮಣ್ಣು ಕುಸಿದು ರಾತ್ರಿಯಿಡೀ ಬಾವಿಯೊಳಗೆ ಸಿಕ್ಕಿಕೊಂಡಿದ್ದ ಆ ಹಿರಿಯರ ಬಗ್ಗೆ ನಾನು ಬರೆದ ಲೇಖನ ನಿನಗೆ ನೆನಪಿರಬಹುದು. ನಾನು ಅವರ ಜಗಲಿಯ ಮೇಲೆ ಕೂತದ್ದು ಒಂದೂವರೆ ಗಂಟೆ, ಅದರಲ್ಲಿ ಅರ್ಧ ಗಂಟೆ ಫೋಟೋಕ್ಕೆ ಹೋಯಿತು. “ಕೋಳಿ ಕೂಗಿದ್ದು ಕೇಳಿಸ್ತು, ಆಮೇಲೆ ಹಸಿವಾಯ್ತು” ಎಂಬ ಸಾಲನ್ನು ಓದಿ ನೀನು ಫೋನು ಮಾಡಿ, “ಎಂಥಾ ಸಾಲು ಬರೆದಿದ್ದೀಯಲ್ಲೋ” ಎಂದೆ. ಅದು ಅವರ ಮಾತು. ಉದ್ಧರಣ ಚಿಹ್ನೆ ತೆಗೆದು ಅದನ್ನು ನನ್ನ ವಾಕ್ಯದೊಳಗೆ ಸೇರಿಸಿಕೊಂಡವನು ನಾನು. ನೀನು ಹೊಗಳಿದಾಗಲೂ ಸುಮ್ಮನಿದ್ದೆ.

ಇನ್ನೊಂದಿದೆ. ಪತ್ರಿಕೆಯ ಪ್ರತಿ ಕೊಡಲು ಹೋದಾಗ, ಓದಲು ಬಾರದ ಅವರು “ನನ್ನ ಹೆಸರು ಎಲ್ಲೈತೆ ತೋರ್ಸಿ ಸ್ವಾಮಿ” ಎಂದು ಕೇಳಿದರು. ಹೆಸರು ನಾಲ್ಕನೆಯ ಪ್ಯಾರಾದಲ್ಲಿ ಎಲ್ಲೋ ಸಣ್ಣದಾಗಿತ್ತು. ಅದನ್ನು ಹುಡುಕುವ ಸಂಕೋಚಕ್ಕೆ, ಮೇಲೆ ದಪ್ಪಕ್ಷರದಲ್ಲಿದ್ದ ನನ್ನ ಬೈಲೈನ್, ಅಂದರೆ ಬರೆದವನ ಹೆಸರಿನ ಮೇಲೆ ಬೆರಳಿಟ್ಟೆ. ಅವರು ಅದನ್ನು ಹೆಬ್ಬೆರಳಿನಿಂದ ಎರಡು ಸಲ ಸವರಿ, ಹಾಳೆಯನ್ನು ಮಡಿಸಿ ದೇವರ ಗೂಡಿನಲ್ಲಿಟ್ಟರು.

ಇಷ್ಟನ್ನೆಲ್ಲ ಬರೆಯಬೇಕೆಂದು ಕೂತಿರಲಿಲ್ಲ. ಮಾರ್ಕೆಸ್‌ಗೂ ನನಗೂ ಇರುವ ಹೋಲಿಕೆ ಒಂದೇ, ಇಬ್ಬರ ಪತ್ರಿಕೆಯೂ ಬಾಗಿಲು ಮುಚ್ಚಿತು. ಅವನದಕ್ಕೆ ಸರ್ವಾಧಿಕಾರಿಯ ಕಾಟ, ನಮ್ಮದಕ್ಕೆ ಕಾಗದದ ಅಂಗಡಿಯವನ ಕಾಟ.

ಇಡ್ಲಿಯ ವಿಚಾರ ಎತ್ತುವುದಿಲ್ಲವೆಂದಿದ್ದೆನಲ್ಲ? ಚಟ್ನಿಯ ಲೆಕ್ಕ ಬಿಟ್ಟಿದ್ದೇನೆ, ಇಡ್ಲಿಯದನ್ನಷ್ಟೇ ಕಳುಹಿಸು.

ನಿನ್ನವನೇ,
ಸಾಲಗಾರರ ಪೈಕಿ ಹಿರಿಯವನು