ಹಳೇ ಜಡೆ, ತುರುಬಿನ ಫೋಟೊ ಬೇಕಾಗಿವೆ

ಎಲ್ರಿಗೂ ನಮಸ್ಕಾರ. ಈ ದಸರೆಗೆ ನಮ್ಮ ಬೀದಿ ಬೊಂಬೆ ಮನೆಯಲ್ಲಿ ಹಿಂದಿನ ಕಾಲದ ಹೆಣ್ಣುಮಕ್ಕಳ ತಲೆ ಸಿಂಗಾರದ ಫೋಟೊ ಜೋಡಿಸ್ತಾ ಇದ್ದೀವಿ.

ಮೊಗ್ಗಿನ ಜಡೆಯವು ಬೇಕೇ ಬೇಕು. ಹುಡುಗೀನ ಸ್ಟುಡಿಯೋದಲ್ಲಿ ಕನ್ನಡಿ ಪಕ್ಕ ನಿಲ್ಲಿಸಿ, ಮುಖ, ಜಡೆ ಎರಡೂ ಕಾಣೋ ಹಾಗೆ ತೆಗೆಸ್ತಿದ್ರಲ್ಲ, ಅಂಥವು. ಬಿರಿಯದ ಮಲ್ಲಿಗೆ ಮೊಗ್ಗನ್ನ ಒತ್ತಾಗಿ ಸಾಲು ಸಾಲು ಹೊಲಿದು, ನಡುನಡುವೆ ಕನಕಾಂಬರ ಸೇರಿಸಿ, ತುದಿಗೆ ಕುಚ್ಚು ಕಟ್ಟೋದು ಎಂಥಾ ತಾಳ್ಮೆಯ ಕೆಲಸ! ಕೈ ಬಲ್ಲ ಹಿರಿಯರು ದಯವಿಟ್ಟು ಹೊಲಿಯೋ ಕ್ರಮವನ್ನ ವಾಯ್ಸ್ ಮೆಸೇಜ್ ಮಾಡಿ. ಮಕ್ಕಳಿಗೆ ಕಲಿಸಲೇಬೇಕು.

ಅರವತ್ತು, ಎಪ್ಪತ್ತರ ದಶಕದ ಎತ್ತರದ ತುರುಬೂ ಇರಲಿ. ಷಿಕಾಗೊದ ಕೇಶವಿನ್ಯಾಸಕಿ ಮಾರ್ಗರೆಟ್ ಹೆಲ್ಡ್ 1960ರಲ್ಲಿ ರೂಪಿಸಿದ 'ಬೀಹೈವ್' (ಜೇನುಗೂಡಿನ ಆಕಾರದ ತುರುಬು) ಸಿನಿಮಾ ತಾರೆಯರ ತಲೆಯೇರಿ ನಮ್ಮ ಕಡೆಗೂ ಬಂತು. ಕೂದಲನ್ನ ತುದಿಯಿಂದ ಬುಡದ ಕಡೆಗೆ ಬಾಚಿ ಉಬ್ಬಿಸಿ, ಮೇಲೊಂದು ನುಣುಪಾದ ಪದರ ಮುಚ್ಚಿ ಪಿನ್ನು ಹಾಕೋದು. ಚವರಿ ಜಡೆ, ರಿಬ್ಬನ್ ಕಟ್ಟಿದ ಎರಡು ಜಡೆ ಕೂಡ ಆಗಬಹುದು.

ಮೂಲ ಫೋಟೊ ಯಾರಿಗೂ ಕೊಡಬೇಡಿ, ಬೆಳಕಲ್ಲಿಟ್ಟು ಮೊಬೈಲ್‌ನಲ್ಲಿ ತೆಗೆದು ಡಾಕ್ಯುಮೆಂಟ್ ಆಗಿ ಕಳಿಸಿ. ಫಿಲ್ಟರ್ ಬೇಡ. ಗೊತ್ತಿದ್ದರೆ ಇಸವಿ ಬರೀರಿ. ಮಹಾಲಯ ಅಮಾವಾಸ್ಯೆಯೊಳಗೆ ತಲುಪಲಿ, ಪ್ರಿಂಟ್ ಹಾಕಿಸಬೇಕು.